ಹಳೆಯ ಬಡಾವಣೆ ಉಳಿಸಿಕೊಳ್ಳಲು ಯಾವ ದಾರಿ ನಿಮಗೆ ಸರಿ?

ಹೊಸ ಮಾಸ್ಟರ್ ಪ್ಲಾನಿನ ಕರಡು ಹೊರಬಿದ್ದಿದೆ. ನಕ್ಷೆಯಲ್ಲಿ ನಿಮ್ಮ ಬೀದಿಯ ಬಣ್ಣ ಬದಲಾಗಿದೆ. ಎರಡು ಮಹಡಿಯ ಮನೆಗಳಿರುವ ಕಡೆ ಇನ್ನು ಮುಂದೆ ಹತ್ತು ಮಹಡಿ ಕಟ್ಟಬಹುದು. ಆಕ್ಷೇಪಣೆ ಸಲ್ಲಿಸಲು ಕೆಲವೇ ವಾರಗಳಿವೆ. ಬೀದಿಯವರೆಲ್ಲ ಒಬ್ಬರ ಮನೆಯಲ್ಲಿ ಸೇರಿದ್ದಾರೆ. ಪಾರಂಪರಿಕ ವಲಯ ಅಂತ ಘೋಷಿಸಲು ಕೇಳೋಣ ಎನ್ನುತ್ತಾರೆ ಒಬ್ಬರು. ಕೋರ್ಟಿಗೇ ಹೋಗೋಣ ಎನ್ನುತ್ತಾರೆ ಇನ್ನೊಬ್ಬರು. ಮೂಲೆಯಲ್ಲಿ ಕೂತ ವಯಸ್ಸಾದ ಮಾಲೀಕರೊಬ್ಬರು ಮಾತ್ರ ಏನೂ ಮಾತಾಡುತ್ತಿಲ್ಲ. ಬಿಲ್ಡರ್ ಕಡೆಯವರು ಈಗಾಗಲೇ ಅವರ ಮನೆಗೆ ಎರಡು ಸಲ ಬಂದು ಹೋಗಿದ್ದಾರೆ.

ಇಂಥ ಸಭೆಯಲ್ಲಿ ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಮಾತಾಡದ ಮಾಲೀಕರಿಗಾಗಿಯೂ. ದಾರಿಗಳು ಹಲವಿವೆ, ಆದರೆ ಒಂದೊಂದು ದಾರಿ ಒಂದೊಂದನ್ನು ಉಳಿಸುತ್ತದೆ. ಇದನ್ನು ಮೊದಲೇ ಗಮನಿಸದೆ ವರ್ಷಗಟ್ಟಲೆ ಓಡಾಡಿ, ಕೊನೆಗೆ ಗೋಡೆ ಉಳಿದು ಜನ ಹೋದ ಬೀದಿಗಳು ಬೇಕಾದಷ್ಟಿವೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ: ನೀವು ಉಳಿಸಬೇಕೆಂದಿರುವುದು ಏನನ್ನು? ಕಟ್ಟಡಗಳನ್ನಾ? ಬೀದಿಯ ಎತ್ತರ, ಸಾಲು, ಬೆಳಕನ್ನಾ? ಅಥವಾ ಅಲ್ಲಿ ಬಾಳುತ್ತಿರುವ ಜನ, ಅಂಗಡಿ, ಕಸುಬುಗಳನ್ನಾ? ಎಲ್ಲವೂ ಬೇಕು ಅನ್ನಿಸುವುದು ಸಹಜ. ಆದರೂ ಯಾವುದು ಮೊದಲು ಅಂತ ಸಭೆಯಲ್ಲೇ ತೀರ್ಮಾನ ಆಗಬೇಕು. ಕೈಲಿರುವ ಸಮಯ, ದುಡ್ಡು ಎರಡೂ ಕಡಿಮೆ.

ಆಮೇಲೆ ಖರ್ಚು ಯಾರ ತಲೆಗೆ ಬೀಳುತ್ತದೆ ಅಂತ ನೋಡಿ. ಮನೆ ಮಾಲೀಕರಿಗಾ, ನಗರಕ್ಕಾ, ಬಾಡಿಗೆದಾರರಿಗಾ? ಜಾರಿಗೆ ಬರಲು ಎಷ್ಟು ಸಮಯ ಬೇಕು? ಮುಂದಿನ ಆಡಳಿತ ಬಂದಾಗ ಒಂದು ಆದೇಶದಲ್ಲಿ ಅಳಿಸಿಹಾಕಬಹುದಾ? ಇನ್ನೊಂದು ಪ್ರಶ್ನೆಯನ್ನು ನಮ್ಮಂಥವರು ಕೇಳಿಕೊಳ್ಳಲು ಹಿಂಜರಿಯುತ್ತೇವೆ. ಊರು ಬೆಳೆಯುತ್ತಿದೆ, ಹೊಸಬರಿಗೂ ಮನೆ ಬೇಕು. ನಾವು ಹಿಡಿಯುವ ದಾರಿ ಅವರಿಗೆ ಒಂದಷ್ಟು ಜಾಗ ಬಿಡುತ್ತದಾ? ಇದಕ್ಕೆ ಉತ್ತರ ಇಟ್ಟುಕೊಳ್ಳದೆ ಹೋದವರನ್ನು ಅಧಿಕಾರಿಗಳು ಸುಲಭವಾಗಿ ಪಕ್ಕಕ್ಕೆ ಸರಿಸುತ್ತಾರೆ.

ಒತ್ತಡ ಎಲ್ಲಿಂದ ಬರುತ್ತದೆ

ಒಂದು ಮನೆಯ ಲೆಕ್ಕ ಹಾಕೋಣ. ಸೈಟು 200 ಚದರ ಮೀಟರ್. ಮೇಲೆ ಕೆಳಗೆ ಸೇರಿ ಮನೆ 220 ಚದರ ಮೀಟರ್. ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದೇ ಎಫ್‌ಎಆರ್. ಹಳೆಯ ನಿಯಮದಲ್ಲಿ ಅದು 1.5 ಇತ್ತು ಅನ್ನೋಣ. ಅಂದರೆ 300 ಚದರ ಮೀಟರಿಗೆ ಅವಕಾಶ, ಇನ್ನೂ ಕಟ್ಟಬಹುದಾದದ್ದು 80. ಅಷ್ಟಕ್ಕಾಗಿ ಗಟ್ಟಿಮುಟ್ಟಾದ ಮನೆಯನ್ನು ಯಾರೂ ಕೆಡವುವುದಿಲ್ಲ. ಹೊಸ ಕರಡು ಅದನ್ನು 3.5 ಮಾಡಿತು ಅನ್ನೋಣ. ಈಗ 700 ಕಟ್ಟಬಹುದು, ಬಳಸದೆ ಉಳಿದದ್ದು 480. ಮನೆಗಿಂತ ಆ ಖಾಲಿ ಹಕ್ಕಿಗೇ ಬೆಲೆ ಜಾಸ್ತಿ. ಬಿಲ್ಡರ್ ಬಾಗಿಲು ತಟ್ಟುವುದು ಆ 480ಕ್ಕಾಗಿ.

ಹಾಗಾಗಿ ನೀವು ನೋಡುವ ಪ್ರತಿಯೊಂದು ದಾರಿಗೂ ಒಂದೇ ಪ್ರಶ್ನೆ ಹಾಕಿ: ಆ 480 ಚದರ ಮೀಟರ್ ಏನಾಗುತ್ತದೆ? ಅದನ್ನು ತೆಗೆದುಹಾಕುತ್ತೀರಾ, ಬೇರೆ ಕಡೆಗೆ ಸಾಗಿಸುತ್ತೀರಾ, ದುಡ್ಡು ಕೊಟ್ಟು ತುಂಬುತ್ತೀರಾ? ಅದನ್ನು ಹಾಗೇ ಬಿಟ್ಟು ಮೇಲೊಂದು ನಿಷೇಧ ಹಾಕಿದರೆ ಒತ್ತಡ ಎಲ್ಲಿಗೂ ಹೋಗುವುದಿಲ್ಲ.

ಪಾರಂಪರಿಕ ವಲಯ

ಎಲ್ಲರಿಗೂ ಮೊದಲು ಹೊಳೆಯುವುದು ಇದು. ಅಮೆರಿಕದ ಚಾರ್ಲ್ಸ್‌ಟನ್ 1931ರಲ್ಲೇ ಹಳೆಯ ಬಡಾವಣೆಗೆ ಪ್ರತ್ಯೇಕ ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ಮಾಡಿತು. ಫ್ರಾನ್ಸಿನಲ್ಲಿ 1962ರ ಕಾಯ್ದೆ ಬಂತು. ಬ್ರಿಟನ್ನಿನಲ್ಲಿ 1967ರ ಕಾಯ್ದೆ ಬಂದ ಮೇಲೆ ಇಂಗ್ಲೆಂಡ್ ಒಂದರಲ್ಲೇ ಸುಮಾರು 10,000 ಸಂರಕ್ಷಣಾ ಪ್ರದೇಶಗಳಾಗಿವೆ. ಮುಂಬಯಿಯಲ್ಲಿ 1995ರಲ್ಲಿ ಕಟ್ಟಡಗಳಿಗೆ ದರ್ಜೆ ಕೊಡುವ ನಿಯಮ ಬಂತು. ವಿವರಗಳು ಬೇರೆ ಬೇರೆ, ತಿರುಳು ಒಂದೇ: ಕೆಡವಲು, ಹೊರಮುಖ ಬದಲಿಸಲು ಸಮಿತಿಯ ಅನುಮತಿ ಬೇಕು.

ಕಟ್ಟಡವನ್ನೇ ಉಳಿಸಬೇಕು ಅನ್ನುವುದಾದರೆ ಇದಕ್ಕಿಂತ ಗಟ್ಟಿಯಾದ ಕಾನೂನಿನ ಬಲ ಇನ್ನೊಂದಿಲ್ಲ. ನ್ಯೂಯಾರ್ಕಿನವರು ಪೆನ್ ಸ್ಟೇಷನ್ ಕಟ್ಟಡವನ್ನು ಕಳೆದುಕೊಂಡ ಮೇಲೆ 1965ರಲ್ಲಿ ಕಾಯ್ದೆ ತಂದರು. ಅದೇ ಕಾಯ್ದೆ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಬಹುಮಹಡಿ ಗೋಪುರ ಏಳದಂತೆ ತಡೆಯಿತು. ಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1978ರಲ್ಲಿ ಕೋರ್ಟು ನಗರದ ಪರವಾಗಿ ನಿಂತಿತು.

ಇದರಲ್ಲಿ ತೊಡಕುಗಳೂ ಇವೆ. ಒಂದು ಮರದ ಕಿಟಕಿ ನೋಡಿ. ಮಳೆ ನೀರು ನಿಲ್ಲುವುದು ಕೆಳಪಟ್ಟಿಯ ಮೇಲೆ, ಹಾಗಾಗಿ ಮೊದಲು ಕೊಳೆಯುವುದೂ ಅದೇ. ಕೆಲಸ ಬಲ್ಲ ಬಡಗಿ ಕೊಳೆತ ತುಂಡನ್ನಷ್ಟೇ ಕೊಯ್ದು ತೆಗೆದು, ಅದೇ ಜಾತಿಯ ಮರ ಜೋಡಿಸಿ ಬಿಗಿ ಮಾಡುತ್ತಾನೆ. ಆ ಕಿಟಕಿ ಮತ್ತೊಂದು ತಲೆಮಾರಿಗೆ ಬರುತ್ತದೆ. ಆದರೆ ಅಂಥ ಬಡಗಿ ಸಿಗಬೇಕು, ಅವನಿಗೆ ಕೂಲಿ ಕೊಡಬೇಕು, ಅದಕ್ಕೂ ಮುಂಚೆ ಸಮಿತಿಗೆ ಅರ್ಜಿ ಹಾಕಿ ಕಾಯಬೇಕು. ಅಲ್ಯೂಮಿನಿಯಂ ಕಿಟಕಿ ಒಂದೇ ದಿನದಲ್ಲಿ ಕೂರುತ್ತದೆ. ನಿಯಮ ಅದನ್ನು ಬೇಡ ಎನ್ನುತ್ತದೆ, ಹೆಚ್ಚಿನ ಖರ್ಚನ್ನು ಮಾತ್ರ ಮಾಲೀಕರಿಗೇ ಬಿಡುತ್ತದೆ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಅದಕ್ಕಿಂತ ಕೆಟ್ಟದ್ದು, ಬೇಕಂತಲೇ ಮನೆಯನ್ನು ಹಾಳು ಬಿಡುವುದು. ಒಂದು ಹೆಂಚು ಸರಿದರೆ ಸಾಕು. ನೀರು ತೊಲೆಯ ತುದಿಗೆ ಇಳಿಯುತ್ತದೆ, ತೊಲೆ ಗೋಡೆಯೊಳಗೆ ಕೂತ ಜಾಗದಲ್ಲಿ ಕೊಳೆ ಶುರುವಾಗುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಎಂಜಿನಿಯರ್ ಬಂದು ಅಪಾಯಕಾರಿ ಕಟ್ಟಡ ಅಂತ ಬರೆದುಕೊಡುತ್ತಾರೆ. ಕೆಡವಲು ಅನುಮತಿ ತಾನಾಗಿಯೇ ಸಿಗುತ್ತದೆ. ಆದ್ದರಿಂದ ವಲಯ ಕೇಳುವಾಗ ಎರಡು ವಿಷಯ ಜೊತೆಗೇ ಕೇಳಿ. ಕನಿಷ್ಠ ದುರಸ್ತಿ ಮಾಲೀಕರ ಹೊಣೆ ಅನ್ನುವ ಷರತ್ತು, ಆ ದುರಸ್ತಿಗೆ ನೆರವಿನ ನಿಧಿ. ನಿಧಿ ಇಲ್ಲದೆ ಷರತ್ತು ಮಾತ್ರ ತಂದರೆ ನಿಮ್ಮ ನೆರೆಯವರೇ ನಿಮ್ಮ ವಿರುದ್ಧ ತಿರುಗುತ್ತಾರೆ. ತಿರುಗಿದರೆ ಅದು ನ್ಯಾಯವೇ.

ಮುಖ ಮಾತ್ರ ಉಳಿಸಿ ಹಿಂದೆ ಗೋಪುರ ಏರಿಸುವುದಕ್ಕೆ ನಿಯಮದಲ್ಲಿ ಅವಕಾಶ ಇದೆಯಾ ಅಂತಲೂ ಓದಿ ನೋಡಿ. ಹೊರಮುಖ ಅನ್ನುವ ಪದವೊಂದನ್ನೇ ಬರೆದ ನಿಯಮದಲ್ಲಿ ಬಿಲ್ಡರ್ ಮೊದಲು ಹುಡುಕುವ ಕಿಂಡಿ ಅದೇ.

ಎತ್ತರ, ಸಾಲು, ಸೈಟಿನ ಅಗಲ

ನನಗೆ ಹೆಚ್ಚು ನಂಬಿಕೆ ಇರುವುದು ಈ ದಾರಿಯಲ್ಲಿ. ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ. ಇಲ್ಲಿ ಯಾವ ಮನೆಯನ್ನೂ ಪಾರಂಪರಿಕ ಎಂದು ಕರೆಯುವುದಿಲ್ಲ. ಬಡಾವಣೆಗೆ ಮಾತ್ರ ಬೇರೆ ಅಳತೆಗಳನ್ನು ಬರೆಯುತ್ತಾರೆ: ಗರಿಷ್ಠ ಎತ್ತರ ಇಷ್ಟು, ಕಟ್ಟಡ ಬೀದಿಯ ಅಂಚಿಗೇ ಬರಬೇಕು, ಸೈಟುಗಳನ್ನು ಕೂಡಿಸುವಂತಿಲ್ಲ.

ಜಪಾನಿನ ಕ್ಯೋಟೋ 2007ರಲ್ಲಿ ಇಂಥದ್ದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತು. ನಗರದ ನಡುಭಾಗದ ಮುಖ್ಯ ರಸ್ತೆಗಳಲ್ಲಿ ಎತ್ತರದ ಮಿತಿಯನ್ನು 45 ಮೀಟರಿನಿಂದ 31ಕ್ಕೆ ಇಳಿಸಿತು. ಒಳಬೀದಿಗಳಲ್ಲಿ 31ರಿಂದ 15ಕ್ಕೆ ತಂದಿತು. ಎತ್ತರ ಇಳಿದಾಗ ಆ ಖಾಲಿ ಹಕ್ಕಿನ ಬೆಲೆಯೂ ಇಳಿಯುತ್ತದೆ. ಕೆಡವಿ ಕಟ್ಟಲು ಕಾರಣವೇ ಸೊರಗುತ್ತದೆ.

ಕಟ್ಟಡದ ಸುತ್ತ ಜಾಗ ಬಿಡಬೇಕು ಅನ್ನುವ ಸೆಟ್‌ಬ್ಯಾಕ್ ನಿಯಮವನ್ನು ಬಹಳ ಜನ ಗಮನಿಸುವುದೇ ಇಲ್ಲ. ಹಳೆಯ ಬೀದಿಯಲ್ಲಿ ಮನೆಗಳು ರಸ್ತೆಗೆ ಅಂಟಿಕೊಂಡೇ ಇರುತ್ತವೆ. ಗೋಡೆಗೆ ಗೋಡೆ ಸೇರಿ ಒಂದೇ ಸಾಲಾಗಿರುತ್ತದೆ. ಇಡೀ ನಗರಕ್ಕೆ ಬರೆದ ನಿಯಮ, ಮುಂದೆ 3 ಮೀಟರ್ ಬಿಡಿ, ಪಕ್ಕದಲ್ಲೂ ಬಿಡಿ ಎನ್ನುತ್ತದೆ. ಒಬ್ಬರು ಮನೆ ಕೆಡವಿ ನಿಯಮ ಪಾಲಿಸಿಯೇ ಕಟ್ಟಿದರೂ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಕಾರಿಗೆ ಕಡ್ಡಾಯ ಜಾಗ ಬಿಡಬೇಕು ಎಂಬ ನಿಯಮವೂ ಅಷ್ಟೇ ಹಾನಿ ಮಾಡುತ್ತದೆ. ನೆಲಮಹಡಿ ಪೂರ್ತಿ ಕಂಬಗಳಾಗುತ್ತವೆ. ಬೀದಿಗೆ ತೆರೆದಿದ್ದ ಬಾಗಿಲು, ಅಂಗಡಿ ಎಲ್ಲ ಹೋಗುತ್ತದೆ. ಈ ಎರಡು ನಿಯಮಗಳಿಂದ ವಿನಾಯಿತಿ ಕೊಡುವುದಕ್ಕೆ ನಗರಕ್ಕೆ ಒಂದು ಕಾಸೂ ಖರ್ಚಿಲ್ಲ. ಅದಕ್ಕೇ ಒಪ್ಪಿಗೆ ಸಿಗುವ ಸಾಧ್ಯತೆಯೂ ಜಾಸ್ತಿ.

ಇದರ ಕೊರತೆ ಏನೆಂದರೆ, ಕೆಡವುವುದನ್ನು ಇದು ನೇರವಾಗಿ ತಡೆಯುವುದಿಲ್ಲ. ನೂರು ವರ್ಷದ ಮನೆ ಹೋಗಿ ಅದೇ ಎತ್ತರದ ಸಪ್ಪೆ ಕಟ್ಟಡ ಬರಬಹುದು. ಒಂದೊಂದು ಮನೆಯೂ ಅಪರೂಪದ್ದು ಅನ್ನುವ ಬೀದಿಗೆ ಇದೊಂದೇ ಸಾಲದು. ಆದರೆ ಮನೆಗಳು ಸಾಧಾರಣ, ಬೀದಿ ಚೆಂದ ಅನ್ನುವ ಕಡೆ ಇದೇ ಸರಿ. ಹಿಂಬದಿಯಲ್ಲಿ ವಿಸ್ತರಿಸಲು, ಬೀದಿಗೆ ಕಾಣದಂತೆ ಹಿಂದೆ ಸರಿಸಿ ಒಂದು ಮಹಡಿ ಏರಿಸಲು ಅವಕಾಶ ಬರೆಸಿದರೆ ಹೊಸಬರಿಗೂ ಮನೆ ಸಿಗುತ್ತದೆ.

ಟಿಡಿಆರ್

ಆ 480 ಚದರ ಮೀಟರ್ ಹಕ್ಕನ್ನು ಕಾಗದದ ಮೇಲೆ ಬಿಡಿಸಿ, ಬೇರೆ ಕಡೆ ಕಟ್ಟುವವರಿಗೆ ಮಾರಲು ಬಿಡುವುದೇ ಟಿಡಿಆರ್. ಗ್ರ್ಯಾಂಡ್ ಸೆಂಟ್ರಲ್ ತೀರ್ಪಿನಲ್ಲೂ ಇದರ ಪ್ರಸ್ತಾಪ ಇದೆ. ಮಾಲೀಕರು ತಮ್ಮ ಹಕ್ಕನ್ನು ಹತ್ತಿರದ ಬೇರೆ ಜಾಗಗಳಿಗೆ ವರ್ಗಾಯಿಸಬಹುದಾಗಿತ್ತು, ಆದ್ದರಿಂದ ಅವರ ನಷ್ಟ ಅಷ್ಟು ಕಡಿಮೆ ಅಂತ ಕೋರ್ಟು ಗಮನಿಸಿತು.

ಸಭೆಯಲ್ಲಿ ಮಾತಾಡದೆ ಕೂತಿದ್ದ ಆ ಮಾಲೀಕರಿಗೆ ಇದರಲ್ಲಿ ಉತ್ತರ ಇದೆ. ಮನೆಯೂ ಉಳಿಯುತ್ತದೆ, ಕೈಗೆ ದುಡ್ಡೂ ಬರುತ್ತದೆ. ನಗರದ ಬೊಕ್ಕಸಕ್ಕೂ ನೇರ ಹೊರೆ ಇಲ್ಲ. ಆದರೆ ಎರಡು ವಿಷಯ ವಿಚಾರಿಸದೆ ಒಪ್ಪಬೇಡಿ. ಒಂದು, ಕೊಳ್ಳುವವರು ಇದ್ದಾರಾ? ನಗರವೇ ಎಲ್ಲ ಕಡೆ ಪುಕ್ಕಟೆಯಾಗಿ ಎಫ್‌ಎಆರ್ ಏರಿಸುತ್ತಿದ್ದರೆ ನಿಮ್ಮ ಕಾಗದವನ್ನು ಯಾರು ಕೊಳ್ಳುತ್ತಾರೆ? ಎರಡು, ಆ ಹಕ್ಕು ಎಲ್ಲಿ ಹೋಗಿ ಇಳಿಯುತ್ತದೆ? ಮುಂಬಯಿಯಲ್ಲಿ ಟಿಡಿಆರ್‌ನ ಭಾರ ಬಹಳ ವರ್ಷ ಉತ್ತರದ ಉಪನಗರಗಳ ಮೇಲೆ ಬಿತ್ತು. ನಮ್ಮ ಬೀದಿಯ ಹೊರೆಯನ್ನು ನೀರು, ರಸ್ತೆ ಸಾಲದ ಇನ್ನೊಂದು ಬಡಾವಣೆಯ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಮೆಟ್ರೋ, ರೈಲು ನಿಲ್ದಾಣದ ಸುತ್ತ ಇಳಿಯಲಿ ಅಂತ ಗೊತ್ತುಪಡಿಸಿ ಕೇಳಿ.

ದುಡ್ಡಿನ ನೆರವು

ಅಮೆರಿಕದಲ್ಲಿ ಪಟ್ಟಿಯಲ್ಲಿರುವ ಹಳೆಯ ಕಟ್ಟಡವನ್ನು ಸರಿಯಾದ ಕ್ರಮದಲ್ಲಿ ದುರಸ್ತಿ ಮಾಡಿದರೆ ಖರ್ಚಿನ 20 ಶೇಕಡಾದಷ್ಟನ್ನು ಕೇಂದ್ರ ತೆರಿಗೆಯಲ್ಲಿ ಕಳೆಯುತ್ತಾರೆ. ಆದರೆ ಅದು ಆದಾಯ ತರುವ ಕಟ್ಟಡಗಳಿಗೆ ಮಾತ್ರ. ಮಾಲೀಕರು ತಾವೇ ವಾಸವಿರುವ ಮನೆಗೆ ಸಿಗುವುದಿಲ್ಲ. ನಿಮ್ಮಲ್ಲಿ ಇರುವ ಯೋಜನೆಯನ್ನೂ ಹೀಗೆಯೇ ಓದಿ: ಯಾರಿಗೆ ಸಿಗುತ್ತದೆ, ಕೆಲಸಕ್ಕೆ ಮುಂಚೆಯಾ, ಮುಗಿದ ಮೇಲಾ? ಮುಗಿದ ಮೇಲೆ ಬರುವ ದುಡ್ಡು, ಮೊದಲು ಕೈಯಿಂದ ಹಾಕಲು ಶಕ್ತಿ ಇರುವವರಿಗಷ್ಟೇ ಉಪಯೋಗ. ಬಳಸದ ಹಕ್ಕಿನ ಬೆಲೆ ದೊಡ್ಡದಿರುವ ಕಡೆ ತೆರಿಗೆ ರಿಯಾಯಿತಿಯೊಂದೇ ಬಿಲ್ಡರ್‌ನ ಮಾತಿಗೆ ಎದುರು ನಿಲ್ಲುವುದಿಲ್ಲ. ಬೇರೆ ದಾರಿಯ ಜೊತೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕೊಂಡುಕೊಳ್ಳುವುದು

ತೀರಾ ಗಟ್ಟಿ ದಾರಿ ಇದು, ತೀರಾ ದುಬಾರಿಯೂ ಹೌದು. ಆದರೂ ಎಲ್ಲವನ್ನೂ ಕೊಳ್ಳಬೇಕಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 1956ರಲ್ಲಿ ಹುಟ್ಟಿದ ಸ್ಟಾಡ್ಸ್‌ಹೆರ್‌ಸ್ಟೆಲ್ ಎಂಬ ಸಂಸ್ಥೆ ಪಾಳು ಬೀಳುತ್ತಿದ್ದ ಮನೆಗಳನ್ನು ಕೊಂಡು, ದುರಸ್ತಿ ಮಾಡಿ, ಬಾಡಿಗೆಗೆ ಕೊಟ್ಟು ಉಳಿಸಿಕೊಂಡು ಬಂದಿದೆ. ಮೂಲೆ ಮನೆಗಳ ಮೇಲೆ ಅವರಿಗೆ ವಿಶೇಷ ಕಣ್ಣು. ಮೂಲೆ ಗಟ್ಟಿಯಾದರೆ ಸಾಲಿನ ಉಳಿದ ಮಾಲೀಕರಿಗೂ ದುರಸ್ತಿ ಮಾಡುವ ಧೈರ್ಯ ಬರುತ್ತದೆ.

ಅಮೆರಿಕದ ಸವಾನ್ನಾದಲ್ಲಿ ಹಳೆಯ ಮಾರುಕಟ್ಟೆ ಕಟ್ಟಡ 1954ರಲ್ಲಿ ನೆಲಸಮವಾಯಿತು. ಮರುವರ್ಷ ಏಳು ಮಹಿಳೆಯರು ಸೇರಿ ಡ್ಯಾವನ್‌ಪೋರ್ಟ್ ಹೌಸ್ ಎಂಬ ಹಳೆಯ ಮನೆಯನ್ನು ಉಳಿಸಿಕೊಂಡರು. ಅವರು ಕಟ್ಟಿದ ಸಂಸ್ಥೆ ಆಮೇಲೆ ಒಂದು ತಿರುಗು ನಿಧಿ ಮಾಡಿತು. ಅಪಾಯದಲ್ಲಿರುವ ಮನೆ ಕೊಳ್ಳುವುದು, ಕೆಡವಬಾರದು ಅನ್ನುವ ಕರಾರನ್ನು ಕ್ರಯಪತ್ರದಲ್ಲೇ ಸೇರಿಸಿ ದುರಸ್ತಿ ಮಾಡುವವರಿಗೆ ಮಾರುವುದು, ಬಂದ ದುಡ್ಡಿನಲ್ಲಿ ಮುಂದಿನ ಮನೆ ಕೊಳ್ಳುವುದು. ಕ್ರಯಪತ್ರದ ಕರಾರು ಚುನಾವಣೆ ಬಂದರೂ ಹೋಗುವುದಿಲ್ಲ. ಕೆಲವು ಕುಟುಂಬಗಳ ಹತ್ತಿರ ದುಡ್ಡು ಅಥವಾ ಒಬ್ಬ ದೊಡ್ಡ ದಾನಿ ಇದ್ದರೆ ಸರ್ಕಾರಕ್ಕೆ ಕಾಯದೆ ಶುರು ಮಾಡಬಹುದಾದ ದಾರಿ ಇದೊಂದೇ. ನೂರು ಮನೆಯ ಬೀದಿಯಲ್ಲಿ ನಾಲ್ಕಾರು ಆಯ್ದ ಮನೆಗಳು ಸಾಕು, ದೊಡ್ಡ ಸೈಟು ಕೂಡಿಸುವ ಬಿಲ್ಡರ್‌ನ ಲೆಕ್ಕ ತಪ್ಪಿಸಲು.

ಜನರನ್ನು ಉಳಿಸುವುದು

ಹೆಚ್ಚಿನ ಕಡೆ ಎಡವಿರುವುದು ಇಲ್ಲೇ. ಪ್ಯಾರಿಸಿನ ಮಾರೇ ಬಡಾವಣೆ 1960ರ ದಶಕದಿಂದ ಚೆಂದವಾಗಿ ಉಳಿಯಿತು, ಅಲ್ಲಿದ್ದ ಕಸುಬುದಾರರು, ಬಡ ಬಾಡಿಗೆದಾರರು ಬಹುಪಾಲು ಹೊರಬಿದ್ದರು. ಮಲೇಷ್ಯಾದ ಜಾರ್ಜ್ ಟೌನಿನಲ್ಲಿ ಬಾಡಿಗೆ ನಿಯಂತ್ರಣ 2000ನೇ ಇಸವಿಯಲ್ಲಿ ಕೊನೆಯಾಯಿತು. ತಲೆಮಾರುಗಳಿಂದ ಅಂಗಡಿಮನೆಗಳಲ್ಲಿದ್ದ ಎಷ್ಟೋ ಕುಟುಂಬಗಳು ಹೊರಟುಹೋದವು. 2008ರಲ್ಲಿ ಅದೇ ಊರಿಗೆ ವಿಶ್ವಪರಂಪರೆಯ ಪಟ್ಟ ಬಂತು. ಸಿಂಗಾಪುರ 1989ರಿಂದ 7,000ಕ್ಕೂ ಹೆಚ್ಚು ಕಟ್ಟಡಗಳನ್ನು ಕಾಪಾಡಿದೆ, ಕೆಲಸ ನಿಜಕ್ಕೂ ಅಚ್ಚುಕಟ್ಟು. ಆದರೆ ದೋಣಿಗಳಿಂದ ಸರಕು ಇಳಿಯುತ್ತಿದ್ದ ಬೋಟ್ ಕೀ ದಂಡೆಯಲ್ಲಿ ಈಗಿರುವುದು ಹೋಟೆಲು, ಬಾರುಗಳ ಸಾಲು.

ಬೇರೆ ಥರ ಮಾಡಿದವರೂ ಇದ್ದಾರೆ. ಇಟಲಿಯ ಬೊಲೋನ್ಯಾ 1973ರ ಯೋಜನೆಯಲ್ಲಿ ಸಾರ್ವಜನಿಕ ವಸತಿಗೆಂದು ಇಟ್ಟ ದುಡ್ಡನ್ನು ಹಳೆಯ ನಡುಭಾಗದ ಮನೆಗಳ ದುರಸ್ತಿಗೇ ಬಳಸಿತು. ಇದ್ದವರು ಅಲ್ಲೇ ಉಳಿಯಬೇಕು ಅನ್ನುವುದೇ ಅದರ ಗುರಿ. ಸಿಯಾಟಲ್ ನಗರದ ಪೈಕ್ ಪ್ಲೇಸ್ ಮಾರುಕಟ್ಟೆಯನ್ನು ಕೆಡವಲು ಹೊರಟಾಗ ಜನ 1971ರಲ್ಲಿ ಮತ ಹಾಕಿ 7 ಎಕರೆಯ ಪಾರಂಪರಿಕ ವಲಯ ಮಾಡಿಸಿದರು. ಅಲ್ಲಿನ ಸಮಿತಿ ಕಟ್ಟಡವನ್ನಷ್ಟೇ ನೋಡುವುದಿಲ್ಲ. ಯಾವ ಮಳಿಗೆಯಲ್ಲಿ ಯಾವ ವ್ಯಾಪಾರ ಅನ್ನುವುದಕ್ಕೂ ಅದರ ಒಪ್ಪಿಗೆ ಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2015ರಲ್ಲಿ ಹಳೆಯ ಅಂಗಡಿಗಳಿಗೆ ನೆರವಿನ ನಿಧಿ ಒಪ್ಪಿದರು. ಆ ಅಂಗಡಿಗಳಿಗೆ ದೀರ್ಘಾವಧಿಯ ಗುತ್ತಿಗೆ ಕೊಡುವ ಮಾಲೀಕರಿಗೂ ಅದರಲ್ಲಿ ಪಾಲಿದೆ.

ನಿಮ್ಮ ಬೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆದಾರರಿದ್ದರೆ, ಬಾಡಿಗೆದಾರರ ರಕ್ಷಣೆ ಇಲ್ಲದ ಪಾರಂಪರಿಕ ವಲಯವನ್ನು ಕೇಳಲೇಬೇಡಿ ಅನ್ನುತ್ತೇನೆ. ಕಡುವಾದ ಮಾತು, ಗೊತ್ತು. ಬೀದಿ ಚೆಂದವಾದಷ್ಟೂ ಬಾಡಿಗೆ ಏರುತ್ತದೆ. ಮೊದಲು ಹೋಗುವುದು ಅವರೇ.

ಯುನೆಸ್ಕೋ, ಕೋರ್ಟು, ಬೀದಿ ಹೋರಾಟ

ಯುನೆಸ್ಕೋದ ವಿಶ್ವಪರಂಪರೆಯ ಪಟ್ಟ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ನಂಬುತ್ತಾರೆ. ಲಿವರ್‌ಪೂಲಿಗೆ 2004ರಲ್ಲಿ ಪಟ್ಟ ಬಂತು, 2012ರಲ್ಲಿ ಅಪಾಯದ ಪಟ್ಟಿಗೆ ಹೋಯಿತು, 2021ರಲ್ಲಿ ಕೈತಪ್ಪಿತು. ಹೊಸ ಕಟ್ಟಡಗಳಿಗೆ ಒಪ್ಪಿಗೆ ಕೊಡುತ್ತಾ ಹೋದದ್ದು ಅಲ್ಲಿನ ಆಡಳಿತವೇ. ಕೆಡವುವ ಯಂತ್ರ ನಿಲ್ಲಿಸುವ ಅಧಿಕಾರ ಯುನೆಸ್ಕೋಗೆ ಇಲ್ಲ.

ಕೋರ್ಟು ಬೇರೆ. ತಡೆಯಾಜ್ಞೆಯಿಂದ ಸಮಯ ಸಿಗುತ್ತದೆ, ಅಷ್ಟೇ. ಆ ಸಮಯದಲ್ಲಿ ನಿಯಮ ಬದಲಿಸಿಕೊಳ್ಳದಿದ್ದರೆ ಕೇಸು ಮುಗಿದ ದಿನ ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ. ಸಿಡ್ನಿಯ ದಿ ರಾಕ್ಸ್ ಬಡಾವಣೆ 1970ರ ದಶಕದಲ್ಲಿ ಉಳಿದದ್ದು ಕಟ್ಟಡ ಕಾರ್ಮಿಕರ ಸಂಘದಿಂದ. ನಿವಾಸಿಗಳು ಕೇಳಿಕೊಂಡರು, ಕಾರ್ಮಿಕರು ಕೆಡವುವ ಕೆಲಸಕ್ಕೇ ಬರುವುದಿಲ್ಲ ಎಂದರು. ಆ ಸಂಘದ ಮುಂದಾಳು ಜ್ಯಾಕ್ ಮಂಡೇ. ತಮ್ಮ ಕೂಲಿಯನ್ನೇ ಬಿಟ್ಟು ಬೇರೆಯವರ ಬೀದಿಗಾಗಿ ನಿಂತ ಜನ ಅವರು. ಓದಿದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ಹಾಗಾದರೆ ನೀವು?

ಆಕ್ಷೇಪಣೆಗೆ ವಾರಗಳಷ್ಟೇ ಉಳಿದಿದ್ದರೆ ಎತ್ತರ, ಸೆಟ್‌ಬ್ಯಾಕ್, ಪಾರ್ಕಿಂಗ್, ಸೈಟು ಕೂಡಿಕೆ ಈ ನಾಲ್ಕನ್ನೇ ಹಿಡಿಯಿರಿ. ಪಾರಂಪರಿಕ ವಲಯದ ಸಮೀಕ್ಷೆ, ಪಟ್ಟಿ, ವಿಚಾರಣೆ ಅಷ್ಟರಲ್ಲಿ ಮುಗಿಯುವುದಿಲ್ಲ. ಅದು ಆಗುವವರೆಗೆ ಕೆಡವಲು ಅನುಮತಿ ಕೊಡಬೇಡಿ ಅಂತ ತಾತ್ಕಾಲಿಕ ತಡೆ ಕೇಳಿ.

ಮಾಲೀಕರೇ ಎರಡು ಪಾಲಾಗಿದ್ದರೆ, ಮಾರಲು ಹೊರಟವರನ್ನು ದೂರ ಮಾಡಬೇಡಿ. ಅವರಿಗೆ ಮಗಳ ಓದು ಇರಬಹುದು, ಆಸ್ಪತ್ರೆ ಖರ್ಚು ಇರಬಹುದು. ಟಿಡಿಆರ್ ಅಥವಾ ತಿರುಗು ನಿಧಿಯಿಂದ ಅವರಿಗೆ ಎಷ್ಟು ಕೊಡಬಹುದು ಅಂತ ಲೆಕ್ಕ ಹಾಕಿ, ಆ ಕಾಗದ ಹಿಡಿದು ಅವರ ಮನೆಗೆ ಹೋಗಿ. ದುಡ್ಡು ಏನೂ ಇಲ್ಲದ, ಮನೆಗಳು ಸೋರುತ್ತಿರುವ ಬೀದಿಗೆ ದುರಸ್ತಿ ನಿಧಿ ಮೊದಲು, ವಲಯ ಆಮೇಲೆ. ಪ್ರತಿಯೊಂದು ಕಟ್ಟಡವೂ ಅಪರೂಪದ್ದಾಗಿದ್ದು, ಮಾಲೀಕರು ಒಪ್ಪಿ, ಕೈಲಿ ಒಂದೆರಡು ವರ್ಷ ಇದ್ದರೆ ಪೂರ್ತಿ ವಲಯಕ್ಕೇ ಹೋಗಿ, ಟಿಡಿಆರ್ ಜೊತೆಗೆ ಸೇರಿಸಿಕೊಳ್ಳಿ.

ಯಾವುದನ್ನೇ ಆರಿಸಿದರೂ ಬೀದಿಯ ಒಂದು ಪಟ್ಟಿ ಬೇಕೇ ಬೇಕು. ಇಬ್ಬರು ಒಂದು ವಾರಾಂತ್ಯದಲ್ಲಿ ಮಾಡಬಹುದಾದ ಕೆಲಸ. ಮನೆ ನಂಬರು, ಸೈಟಿನ ಅಳತೆ, ಈಗ ಕಟ್ಟಿರುವುದೆಷ್ಟು, ಹೊಸ ಕರಡಿನಲ್ಲಿ ಎಷ್ಟು ಬಿಟ್ಟಿದ್ದಾರೆ, ಯಾರು ವಾಸ, ಸ್ವಂತವಾ ಬಾಡಿಗೆಯಾ, ಸೂರು ಸೋರುತ್ತಿದೆಯಾ. ಪ್ರತಿ ಮನೆಯ ಮುಂದೆ ನಿಂತು ಒಂದು ಫೋಟೋ. ಖಾಲಿ ಸೈಟು, ಪಾರ್ಕಿಂಗ್ ಜಾಗ, ಹಿಂಬದಿಯ ಅಂಗಳ ಎಲ್ಲೆಲ್ಲಿವೆ ಅಂತಲೂ ಗುರುತು ಮಾಡಿ. ಹೊಸ ಮನೆಗಳನ್ನು ಎಲ್ಲಿ ಕಟ್ಟಬಹುದು ಅಂತ ಅಧಿಕಾರಿ ಕೇಳಿದ ಕೂಡಲೇ ಆ ಪುಟವನ್ನು ತೆಗೆದು ಅವರ ಮುಂದೆ ಇಡಿ.